ಕೆಂಪು ಗೆರೆಯ ಅರ್ಥ ಹೇಳಿದವರು ಯಾರು?

‘ಜನರಿಗೆ ಆಸಕ್ತಿಯೇ ಇಲ್ಲ, ಅದಕ್ಕೇ ಆರೋಗ್ಯದ ಅರಿವು ಮೂಡುತ್ತಿಲ್ಲ’ ಎಂದು ಬರೆದಿದ್ದೀರಿ. ಇದನ್ನು ಒಪ್ಪಲ್ಲ ಸರ್. ಆಸಕ್ತಿ ಇಲ್ಲದಿದ್ದರೆ ವಾಟ್ಸಾಪ್‌ನಲ್ಲಿ ಕಷಾಯದ ಮೆಸೇಜ್‌ಗಳು ಇಷ್ಟೊಂದು ಓಡಾಡುತ್ತಿದ್ದವಾ? ಅವು ಕನ್ನಡದಲ್ಲಿರುತ್ತವೆ, ಮಾತ್ರೆಯ ಸ್ಟ್ರಿಪ್ ಇಂಗ್ಲಿಷ್‌ನಲ್ಲಿರುತ್ತದೆ.

ನಮ್ಮ ಏರಿಯಾದ ಮೆಡಿಕಲ್ ಶಾಪ್‌ನಲ್ಲಿ ನೆಗಡಿ ಅಂದರೆ ಸಾಕು, ಆಂಟಿಬಯೋಟಿಕ್ (ಬ್ಯಾಕ್ಟೀರಿಯಾ ಸೋಂಕಿಗೆ ಕೊಡುವ ಔಷಧಿ) ಸ್ಟ್ರಿಪ್ ಕತ್ತರಿಸಿ ನಾಲ್ಕು ಮಾತ್ರೆ ಕೈಗಿಡುತ್ತಾರೆ. ಹೆಸರಿರುವ ತುದಿ ಅವರ ಡಬ್ಬಿಯಲ್ಲೇ ಉಳಿಯುತ್ತದೆ. ನೆಗಡಿ ಬರುವುದು ವೈರಸ್‌ನಿಂದ, ಅದಕ್ಕೆ ಆಂಟಿಬಯೋಟಿಕ್ ಕೆಲಸವನ್ನೇ ಮಾಡಲ್ಲ. ಸ್ಟ್ರಿಪ್ ಮೇಲಿನ ಕೆಂಪು ಗೆರೆಗೆ ಡಾಕ್ಟರ್ ಚೀಟಿ ಇಲ್ಲದೆ ತಗೋಬೇಡಿ ಅಂತ ಅರ್ಥ. ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಇದರ ಪ್ರಚಾರ ಶುರು ಮಾಡಿತ್ತು. ನಮ್ಮ ಆಫೀಸಿನ ಇಂಜಿನಿಯರ್‌ಗಳಿಗೇ ಗೊತ್ತಿಲ್ಲ, ಗಾರೆ ಕೆಲಸದವರನ್ನು ಸುಮ್ನೆ ಯಾಕೆ ಬೈಯಬೇಕು?

ಡೋಲೋ, ಅಂದರೆ ಜ್ವರದ ಪ್ಯಾರಾಸಿಟಮಾಲ್ ಮಾತ್ರೆ, ಅದರ ಜೊತೆಗೆ ನೆಗಡಿ ಮಾತ್ರೆ ನುಂಗುವವರೂ ಇದ್ದಾರೆ. ಎಷ್ಟೋ ನೆಗಡಿ ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ. ಜಾಸ್ತಿಯಾದರೆ ಲಿವರ್‌ಗೆ ಪೆಟ್ಟು.

ಇನ್ನಷ್ಟು ಪೋಸ್ಟರ್ ಬೇಡ. ಸರ್ಕಾರದ ‘ನಮ್ಮ ಕ್ಲಿನಿಕ್’ಗಳಲ್ಲಿ ಮಾತ್ರೆ ಕೊಡುವವರು ಕನ್ನಡದಲ್ಲೋ ಉರ್ದುವಿನಲ್ಲೋ ತಮಿಳಿನಲ್ಲೋ ವಿವರಿಸಿ, ‘ಹೇಗೆ ತಗೋತೀರಿ, ನೀವೇ ಒಂದ್ಸಲ ಹೇಳಿ’ ಅಂತ ಕೇಳಲಿ. ಎಷ್ಟು ಅರ್ಥವಾಗಿದೆ ಅಂತ ಅಲ್ಲೇ ಗೊತ್ತಾಗುತ್ತದೆ.