ಹಳೇದಾದಷ್ಟೂ ರೇಟು ಏರುವ ಡಬ್ಬ

ನಮ್ಮ ಅಕ್ಕನ ಮಗ ಚೇತುಗೂ ದೊಡ್ಡಪ್ಪನ ಮೊಮ್ಮಗ ನವೀನನಿಗೂ ಮೂರು ವರ್ಷದಿಂದ ಮಾತಿಲ್ಲ. ಆಸ್ತಿ ಜಗಳ ಅಲ್ಲ. ಸೈಟು, ಕಾಂಪೌಂಡು, ಗಡಿಯಲ್ಲಿರುವ ತೆಂಗಿನ ಮರ, ಯಾವುದೂ ಅಲ್ಲ. ಚೇತು ಹತ್ತಿರ ಸೋನಿಯವರ ಪಿಎಸ್5, ಅಂದರೆ ಪ್ಲೇಸ್ಟೇಷನ್ 5 ಇದೆ, ನವೀನನ ಹತ್ತಿರ ಮೈಕ್ರೋಸಾಫ್ಟ್‌ನವರ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಇದೆ, ಎರಡೂ ಟೀವಿಗೆ ಜೋಡಿಸಿ ವಿಡಿಯೊ ಗೇಮ್ ಆಡುವ ಡಬ್ಬಗಳು, ಅಂದರೆ ಕನ್ಸೋಲ್, ಅಷ್ಟೇ ವಿಷಯ. ಗೌರಿ ಹಬ್ಬದ ಊಟಕ್ಕೆ ಒಂದೇ ಹಾಲ್‌ನಲ್ಲಿ ಕೂತರೂ ಒಬ್ಬ ಪಂಕ್ತಿಯ ಈ ತುದಿ, ಇನ್ನೊಬ್ಬ ಆ ತುದಿ. ನಡುವೆ ಕೂತ ನಾವು ವಿಶ್ವಸಂಸ್ಥೆಯ ಶಾಂತಿಪಡೆಯವರ ಹಾಗೆ ತುಪ್ಪದ ಮಿಳ್ಳೆ ದಾಟಿಸುತ್ತಿರಬೇಕು. ಇಬ್ಬರಿಗೂ ಇಪ್ಪತ್ತೆಂಟು ದಾಟಿದೆ. ಇಬ್ಬರಿಗೂ ಹೆಣ್ಣು ನೋಡುತ್ತಿದ್ದಾರೆ.

ಜಗಳ ಶುರುವಾಗಿದ್ದು ಟೆರಾಫ್ಲಾಪ್ ವಿಷಯಕ್ಕೆ. ಎಕ್ಸ್‌ಬಾಕ್ಸ್‌ನಲ್ಲಿ 12 ಇದೆಯಂತೆ, ಪಿಎಸ್5ರಲ್ಲಿ 10.28 ಮಾತ್ರವಂತೆ. ಒಂದು ಟೆರಾಫ್ಲಾಪ್ ಅಂದರೆ ಸೆಕೆಂಡಿಗೆ ಒಂದು ಲಕ್ಷ ಕೋಟಿ ಲೆಕ್ಕ ಮಾಡುವ ತಾಕತ್ತು. ಇದನ್ನು ಕೇಳಿದ ನಮ್ಮಕ್ಕ, "ಅಷ್ಟೊಂದು ಲೆಕ್ಕ ಮಾಡುತ್ತಾ? ಹೋದ ತಿಂಗಳ ಹಾಲಿನ ಲೆಕ್ಕ ತಾಳೆ ಆಗ್ತಿಲ್ಲ ಕಣೋ, ಅದನ್ನ ಹಾಕಿ ನೋಡು" ಅಂದಳು. ಯಾರೂ ನಗಲಿಲ್ಲ. ಆ ಒಂದೂಮುಕ್ಕಾಲು ಟೆರಾಫ್ಲಾಪಿಗೆ ನಮ್ಮ ವಂಶ ಎರಡು ಹೋಳಾಯಿತು.

ತಮಾಷೆ ಏನಂದರೆ, ಎರಡೂ ಡಬ್ಬಗಳ ಚಿಪ್ ವಿನ್ಯಾಸ ಮಾಡಿಕೊಟ್ಟಿದ್ದು ಒಂದೇ ಕಂಪನಿ, ಎಎಂಡಿ. ಎರಡರಲ್ಲೂ ಎಂಟು ಕೋರ್‌ನ ಝೆನ್ 2 ಪ್ರೊಸೆಸರ್. ಎರಡರಲ್ಲೂ 16 ಜಿಬಿ ಮೆಮೊರಿ. 2013ರಲ್ಲಿ ಬಂದ ಪಿಎಸ್4 ಮತ್ತು ಎಕ್ಸ್‌ಬಾಕ್ಸ್ ವನ್ ಕೂಡ ಇದೇ ಎಎಂಡಿ ಮನೆಯ ಮಕ್ಕಳು. ಒಬ್ಬರೇ ಅಡುಗೆ ಭಟ್ಟರು ಒಂದೇ ದಿನ ಎರಡು ಛತ್ರಕ್ಕೆ ಸಾರು ಕಳಿಸಿದ್ದಾರೆ, ಒಂದು ಕಡೆ ಒಗ್ಗರಣೆಗೆ ನಾಲ್ಕು ಸಾಸಿವೆ ಜಾಸ್ತಿ ಬಿದ್ದಿದೆ. ಈ ನಾಲ್ಕು ಸಾಸಿವೆಯ ಮೇಲೆ ಎರಡು ಛತ್ರದವರೂ ದೊಣ್ಣೆ ಹಿಡಿದು ರಸ್ತೆಗೆ ಬಂದಿದ್ದಾರೆ, ಭಟ್ಟರು ಮಾತ್ರ ಎರಡೂ ಕಡೆ ಸಂಭಾವನೆ ತಗೊಂಡು ಆಟೋ ಹತ್ತಿದ್ದಾರೆ.

ಹೆಸರಿನ ವಿಷಯಕ್ಕೆ ಬರೋಣ. ಸೋನಿಯವರದ್ದು ಸರಳ. ಒಂದು, ಎರಡು, ಮೂರು, ನಾಲ್ಕು, ಐದು. ಅಂಗನವಾಡಿ ಮಗುವಿಗೂ ಅರ್ಥವಾಗುತ್ತದೆ. ಮೈಕ್ರೋಸಾಫ್ಟ್‌ನವರ ಮೊದಲ ಮಗು 2001ರಲ್ಲಿ ಹುಟ್ಟಿತು, ಎಕ್ಸ್‌ಬಾಕ್ಸ್ ಅಂತ ಹೆಸರಿಟ್ಟರು. ಸರಿ. ಎರಡನೆಯದು 2005ರಲ್ಲಿ, ಅದಕ್ಕೆ 360. ಮೂರನೆಯದು 2013ರಲ್ಲಿ, ಅದಕ್ಕೆ ಒಂದು, ಅಂದರೆ 'ವನ್'! ಹಿಂದೆಲ್ಲ ನಮ್ಮ ಕಡೆ ಸಾಲಾಗಿ ಹೆಣ್ಣುಮಕ್ಕಳಾದರೆ ಕೊನೆಯದಕ್ಕೆ ಸಾಕಮ್ಮ ಅಂತ ಹೆಸರಿಡುತ್ತಿದ್ದರು. ಅದು ತಪ್ಪೇ, ಆದರೆ ಅದರಲ್ಲಿ ಒಂದು ಲೆಕ್ಕವಾದರೂ ಇತ್ತು. ಮೂರನೇ ಮಗುವನ್ನು ಒಂದನೆಯದು ಅಂತ ಕರೆದ ಮನೆ ನಾನು ನೋಡಿಲ್ಲ. ಆಮೇಲೆ ವನ್ ಎಸ್ ಬಂತು, ವನ್ ಎಕ್ಸ್ ಬಂತು, 2020ರಲ್ಲಿ ಸೀರೀಸ್ ಎಸ್ ಮತ್ತು ಸೀರೀಸ್ ಎಕ್ಸ್ ಬಂದವು. ಹೊಸ ಸೀರೀಸ್ ಎಕ್ಸ್‌ಗೆ ಬುಕಿಂಗ್ ತೆರೆದ ದಿನ ಅಮೆಜಾನ್‌ನಲ್ಲಿ ಹಳೇ ವನ್ ಎಕ್ಸ್ ಮಾರಾಟದ ಪಟ್ಟಿಯಲ್ಲಿ ದಿಢೀರ್ ಅಂತ ಮೇಲಕ್ಕೆ ಹಾರಿತು. ಎಷ್ಟು ಅಪ್ಪಂದಿರು ಮಗನ ಆಸೆ ಅಂತ ಗಡಿಬಿಡಿಯಲ್ಲಿ ಯಾವ ಎಕ್ಸ್ ಒತ್ತಿದರೋ ಪಾಪ.

ಈ ವ್ಯಾಪಾರದ ಮೂರನೇ ಕಂಪನಿ ನಿಂಟೆಂಡೊದವರೂ ಇದೇ ಗುಂಡಿಗೆ ಬಿದ್ದವರೇ. 'ವೀ' ಅನ್ನುವ ಕನ್ಸೋಲ್ 10 ಕೋಟಿ ಮಾರಾಟವಾಯಿತು. ಆ ಜೋಶ್‌ನಲ್ಲಿ 2012ರಲ್ಲಿ 'ವೀ ಯು' ತಂದರು. ಇದೇನೋ ಹಳೇ ವೀಗೆ ಜೋಡಿಸುವ ಹೊಸ ಸಾಮಾನು ಇರಬೇಕು ಅಂತ ಬಹಳ ಜನ ತಿಳಿದುಕೊಂಡರು. ಒಂದೂವರೆ ಕೋಟಿಯೂ ಮುಟ್ಟದೆ ಅದು ಮಣ್ಣಾಯಿತು. 2017ರಲ್ಲಿ ಸ್ವಿಚ್ ತಂದು ಉಳಿದುಕೊಂಡರು, ಎಂಟು ವರ್ಷ ಬಿಟ್ಟು ಅದರ ಮುಂದಿನದಕ್ಕೆ ಹೆಸರು ಹುಡುಕಿದರು. ಸಿಕ್ಕಿತು. ಸ್ವಿಚ್ 2. ಇಡೀ ಉದ್ಯಮದಲ್ಲಿ ನಾನು ಕಂಡ ಅತಿ ದೊಡ್ಡ ಸಂಶೋಧನೆ ಇದು.

ಆದರೆ ಬುದ್ಧಿ ಬಂತು ಅಂದುಕೊಳ್ಳುವಷ್ಟರಲ್ಲಿ ಇನ್ನೊಂದು ಮಾಡಿದರು. 2025ರ ಜೂನ್‌ನಲ್ಲಿ ಅಮೆರಿಕದಲ್ಲಿ 449 ಡಾಲರ್ ಕೊಟ್ಟು ಸ್ವಿಚ್ 2 ತಂದವರು ಈ ಯಂತ್ರದಲ್ಲಿ ಏನೇನಿದೆ ಅಂತ ತೋರಿಸುವ 'ವೆಲ್‌ಕಮ್ ಟೂರ್' ನೋಡಬೇಕೆಂದರೆ ಹತ್ತಿರ ಹತ್ತು ಡಾಲರ್ ಬೇರೆ ಕೊಡಬೇಕು. ಮಿಕ್ಸಿ ತಂದರೆ ಅದರ ಜೊತೆ ಬರುವ ಪುಸ್ತಕಕ್ಕೆ ಬೇರೆ ಬಿಲ್ ಹಾಕಿದ ಹಾಗೆ. ಮನೆಗೆ ಬಂದವರಿಗೆ 'ಬನ್ನಿ ಬನ್ನಿ' ಅನ್ನಲಿಕ್ಕೂ ದುಡ್ಡು ಕೇಳಿದ ಮೊದಲ ವಂಶ ಇದೇ ಇರಬೇಕು.

ಚೇತು ಇಲ್ಲಿಯವರೆಗೆ ಓದಿ ಖುಷಿಯಾಗಿದ್ದಾನೆ, ಯಾಕೆಂದರೆ ಅವನ ಸೋನಿ ಇನ್ನೂ ಬಂದಿಲ್ಲ. ಬರುತ್ತೆ ಇರಪ್ಪ.

2013ರ ಜೂನ್. ಲಾಸ್ ಏಂಜಲೀಸ್‌ನಲ್ಲಿ ಆಗ ಇ3 ಅಂತ ಒಂದು ಜಾತ್ರೆ ನಡೆಯುತ್ತಿತ್ತು, ಮೂರೂ ಕಂಪನಿಯವರು ತಮ್ಮ ತಮ್ಮ ತೇರು ಎಳೆದುಕೊಂಡು ಬರುತ್ತಿದ್ದರು. ಮೈಕ್ರೋಸಾಫ್ಟ್‌ನವರು ಹೊಸ ಎಕ್ಸ್‌ಬಾಕ್ಸ್ ವನ್ ದಿನಕ್ಕೊಮ್ಮೆಯಾದರೂ ಇಂಟರ್ನೆಟ್ಟಿಗೆ ಹಾಜರಿ ಹಾಕಬೇಕು, ಹಳೇ ಡಿಸ್ಕನ್ನು ಸುಮ್ನೆ ಬೇರೆಯವರಿಗೆ ಕೊಡುವ ಹಾಗಿಲ್ಲ ಅಂತ ಶರತ್ತು ಹಾಕಿದ್ದರು. ಇಂಟರ್ನೆಟ್ ಇಲ್ಲದವರು ಏನು ಮಾಡಬೇಕು ಅಂದರೆ ಅವರಿಗೆ ನಮ್ಮ ಹಳೇ 360 ಇದೆಯಲ್ಲ ಅಂದರು ಅವರ ಎಕ್ಸ್‌ಬಾಕ್ಸ್ ವಿಭಾಗದ ಆಗಿನ ಮುಖ್ಯಸ್ಥ ಡಾನ್ ಮ್ಯಾಟ್ರಿಕ್. ಬೆಲೆ 499 ಡಾಲರ್. ಈ ಬೆಲೆ ಸಾರಿದ ದಿನ ಸಂಜೆಯೇ ಸೋನಿಯವರು ವೇದಿಕೆಗೆ ಬಂದು ನಮ್ಮಲ್ಲಿ ಅಂಥದ್ದೇನೂ ಇಲ್ಲ, 399 ಡಾಲರ್ ಅಂದರು. ಜನ ಶಿಳ್ಳೆ ಹೊಡೆದರು. ಅಷ್ಟಕ್ಕೇ ಬಿಡಲಿಲ್ಲ, ಪಿಎಸ್4 ಗೇಮ್ ಹಂಚಿಕೊಳ್ಳುವುದು ಹೇಗೆ ಅಂತ ಅರ್ಧ ನಿಮಿಷವೂ ಇಲ್ಲದ ಒಂದು ವಿಡಿಯೊ ಬಿಟ್ಟರು. ಒಬ್ಬ ಡಿಸ್ಕ್ ಕೊಡುತ್ತಾನೆ, ಪಕ್ಕದವನು ತಗೊಳ್ಳುತ್ತಾನೆ. ಮುಗಿಯಿತು. ಚೇತು ಆಗ ಹೈಸ್ಕೂಲು, ಆ ವಿಡಿಯೊವನ್ನು ಸತ್ಯನಾರಾಯಣ ಕಥೆ ಕೇಳಿದಷ್ಟು ಭಕ್ತಿಯಿಂದ ನೋಡಿದ್ದ.

ಅದೇ ಸೋನಿಯವರು 2024ರ ನವೆಂಬರ್‌ನಲ್ಲಿ ಪಿಎಸ್5 ಪ್ರೊ ತಂದರು. ಬೆಲೆ 699 ಡಾಲರ್. ಡಿಸ್ಕ್ ಹಾಕುವ ಜಾಗ? ಇಲ್ಲ. ಅದು ಬೇರೆ, ಹತ್ತಿರ 80 ಡಾಲರ್. ನೆಟ್ಟಗೆ ನಿಲ್ಲಿಸುವ ಸ್ಟ್ಯಾಂಡ್? ಅದೂ ಬೇರೆ, 30 ಡಾಲರ್. ದೋಸೆಗೆ ಒಂದು ಟೋಕನ್, ಚಟ್ನಿಗೆ ಇನ್ನೊಂದು ಟೋಕನ್, ತಟ್ಟೆ ಬೇಕಾದರೆ ಮತ್ತೆ ಕ್ಯಾಷಿಯರ್ ಹತ್ತಿರ ಹೋಗಿ ಸರ್. ಆ ಡಿಸ್ಕ್ ಡ್ರೈವ್ ತಂದು ಜೋಡಿಸಿದರೆ ಮೊದಲ ಸಲ ಅದು ಕೆಲಸ ಮಾಡಬೇಕಾದರೂ ಇಂಟರ್ನೆಟ್ ಬೇಕು. ಹಾಜರಿ! ಡಿಸ್ಕನ್ನು ಕೈಯಿಂದ ಕೈಗೆ ದಾಟಿಸಿ ಕೇಕೆ ಹಾಕಿದ ಆ ಇಬ್ಬರು ಈಗ ಎಲ್ಲಿದ್ದಾರೋ, ಡಿಸ್ಕ್ ಹಿಡಿದುಕೊಂಡು ತೂರಿಸಲು ಸಂದಿ ಹುಡುಕುತ್ತಿರಬೇಕು.

ನಮ್ಮ ದೇಶಕ್ಕಂತೂ ಈ ಪ್ರೊ ಆಗ ಬರಲೇ ಇಲ್ಲ. ಅದರಲ್ಲಿರುವ ಹೊಸ ವೈಫೈ ಬಳಸುವ 6 ಗಿಗಾಹರ್ಟ್ಸ್ ತರಂಗಕ್ಕೆ ಇಲ್ಲಿ ಇನ್ನೂ ಅನುಮತಿ ಇರಲಿಲ್ಲ. ಚೇತುಗೆ ಈ ಸುದ್ದಿ ಬಂದ ದಿನ ಮನೆಯಲ್ಲಿ ಸೂತಕ. "ಮಾಮ, ವೈಫೈ ಆಫ್ ಮಾಡ್ಕೊಂಡು ಕೊಡಕ್ಕಾಗಲ್ವಾ ಇವ್ರಿಗೆ?" ಅಂತ ಕೇಳಿದ. ನಿಂಟೆಂಡೊದವರಂತೂ ಭಾರತದಲ್ಲಿ ಅಧಿಕೃತವಾಗಿ ಅಂಗಡಿ ಇಡುವ ಗೋಜಿಗೇ ಹೋಗಿಲ್ಲ. ಗಾಂಧಿನಗರದ ನ್ಯಾಷನಲ್ ಮಾರ್ಕೆಟ್‌ಗೆ ಹೋಗಿ ದುಬೈ ಪೀಸಾ, ಜಪಾನ್ ಪೀಸಾ ಅಂತ ಕೇಳಿ, ವಾರಂಟಿ ಇದೆಯಾ ಅಂದರೆ ಅಂಗಡಿಯವನು ದೇವರ ಪಟದ ಕಡೆ ನೋಡಿದ್ದನ್ನೇ ಹೌದು ಅಂತ ತಿಳಿದುಕೊಂಡು ತರಬೇಕು.

ಈಗ ಅಸಲಿ ವಿಷಯ, ರೇಟು.

ಪಿಎಸ್2 ಗೊತ್ತಲ್ಲ, ಇವತ್ತಿಗೂ ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ಕನ್ಸೋಲ್, 15 ಕೋಟಿಗೂ ಜಾಸ್ತಿ. 2000ರಲ್ಲಿ ಅಮೆರಿಕದಲ್ಲಿ 299 ಡಾಲರ್‌ಗೆ ಬಂತು. 2002ರಲ್ಲಿ 199 ಆಯಿತು, 2004ರಲ್ಲಿ 149, 2009ರ ಹೊತ್ತಿಗೆ 99. ಇದು ಪ್ರಪಂಚದ ನ್ಯಾಯ. ಸಂಜೆಯಾದ ಮೇಲೆ ಸೊಪ್ಪಿನ ರೇಟು ಇಳಿಯುತ್ತದೆ, ಅಲ್ವಾ? ನಮ್ಮಂಥ ಮಧ್ಯಮ ವರ್ಗದವರು ಬದುಕಿದ್ದೇ ಈ ನಂಬಿಕೆ ಮೇಲೆ. ಹೊಸದು ಬಂದಾಗ ಕೊಳ್ಳಬೇಡ, ನಾಲ್ಕು ವರ್ಷ ತಾಳು, ಅರ್ಧಕ್ಕೆ ಸಿಗುತ್ತದೆ. 2006ರಲ್ಲಿ ಪಿಎಸ್3 ದೊಡ್ಡ ಮಾಡೆಲ್‌ಗೆ 599 ಡಾಲರ್ ಇಟ್ಟಾಗ ಇಡೀ ಲೋಕ ಛೀ ಥೂ ಅಂದಿತ್ತು. ಇನ್ನೂ ಜಾಸ್ತಿ ಹೊತ್ತು ದುಡಿದಾದರೂ ಇದನ್ನು ಕೊಳ್ಳಬೇಕು ಅಂತ ಜನಕ್ಕೆ ಅನ್ನಿಸಬೇಕು ಎನ್ನುವ ಅರ್ಥದ ಮಾತು ಆಡಿದ್ದ, ಸೋನಿಯ ಪ್ಲೇಸ್ಟೇಷನ್ ವಿಭಾಗದ ಆಗಿನ ಮುಖ್ಯಸ್ಥ ಕೆನ್ ಕುತರಾಗಿಯವರನ್ನು ಇಂದಿಗೂ ಆಡಿಕೊಳ್ಳುತ್ತಾರೆ. ಅದು ಕೂಡ ಮೂರು ವರ್ಷದಲ್ಲಿ 299ಕ್ಕೆ ಇಳಿಯಿತು.

ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ 2020ರಲ್ಲಿ 499 ಡಾಲರ್ ಇತ್ತು. 2025ರ ಮೇ ತಿಂಗಳಲ್ಲಿ 599 ಆಯಿತು. ಅದೇ ಅಕ್ಟೋಬರ್‌ನಲ್ಲಿ 649. ಅದೇ ಡಬ್ಬ, ಅದೇ ಚಿಪ್, ಐದು ವರ್ಷ ಹಳೇದು. ಪಿಎಸ್5 ಕೂಡ ಅಮೆರಿಕದಲ್ಲಿ 499ರಿಂದ ಆ ಆಗಸ್ಟ್‌ನಲ್ಲಿ 549ಕ್ಕೆ ಏರಿತು. ನಮಗೆ ಈ ಸುಖ ಇನ್ನೂ ಮುಂಚೆಯೇ ಸಿಕ್ಕಿತ್ತು. 2021ರ ಫೆಬ್ರವರಿಯಲ್ಲಿ ಇಲ್ಲಿ 49,990 ರೂಪಾಯಿಗೆ ಬಂದ ಪಿಎಸ್5, 2022ರ ನವೆಂಬರ್ ಹೊತ್ತಿಗೆ 54,990 ಆಗಿತ್ತು.

ಕಾರಣ ಇಲ್ಲ ಅಂತಲ್ಲ. ಮೊದಲೆಲ್ಲ ಎರಡು ವರ್ಷಕ್ಕೊಮ್ಮೆ ಚಿಪ್ ಸಣ್ಣದಾಗುತ್ತಿತ್ತು, ಸಣ್ಣದಾದ ಹಾಗೆ ಅಗ್ಗವಾಗುತ್ತಿತ್ತು. ಈಗ ಸಣ್ಣದಾಗುತ್ತದೆ, ಅಗ್ಗ ಆಗುವುದಿಲ್ಲ. ಜೊತೆಗೆ ಟ್ರಂಪ್ ಸಾಹೇಬರ ಸುಂಕ. ಕಂಪನಿಯವರು ಮಾತ್ರ ಆರ್ಥಿಕ ಪರಿಸ್ಥಿತಿ ಕಷ್ಟವಾಗಿದೆ ಅಂತ ಎರಡು ಸಾಲು ಬರೆದು ಕೈ ತೊಳೆದುಕೊಳ್ಳುತ್ತಾರೆ. ಯಾರ ಪರಿಸ್ಥಿತಿ ಸ್ವಾಮಿ? ನಮ್ಮದು ಕಷ್ಟ ಅಂತ ನಮ್ಮ ಹತ್ತಿರವೇ ಜಾಸ್ತಿ ತಗೊಳ್ಳೋದಾ?

ಸುಮ್ನೆ ಬಿದ್ದಿದ್ದರೂ ರೇಟು ಏರುವ ವಸ್ತು ಅಂದರೆ ಇಲ್ಲಿಯವರೆಗೆ ಎರಡೇ, ಚಿನ್ನ ಮತ್ತು ಬೆಂಗಳೂರಿನ ಸೈಟು. ಈಗ ಮೂರನೆಯದು ಸೇರಿದೆ. ನವೀನ ಅಂತೂ ತನ್ನ ಎಕ್ಸ್‌ಬಾಕ್ಸನ್ನು ಇನ್ವೆಸ್ಟ್‌ಮೆಂಟ್ ಅಂತಲೇ ಕರೆಯಲು ಶುರು ಮಾಡಿದ್ದಾನೆ. ಅದನ್ನು ಕೇಳಿಸಿಕೊಂಡ ಅವನಜ್ಜಿ, ಅಂದರೆ ನಮ್ಮ ದೊಡ್ಡಮ್ಮ, "ಹಾಗಾದ್ರೆ ಟೀವಿ ಕೆಳಗೆ ಯಾಕೋ ಇಟ್ಟಿದೀಯ, ಲಾಕರಲ್ಲಿ ಇಡು" ಅಂದರು.

ಇಷ್ಟು ದುಡ್ಡು ಕೊಟ್ಟು ಆಡುವುದಾದರೂ ಏನು? ಜಿಟಿಎ 5 ಬಂದಿದ್ದು 2013ರಲ್ಲಿ, ಪಿಎಸ್3 ಮತ್ತು 360ಗೆ. 2014ರಲ್ಲಿ ಪಿಎಸ್4 ಮತ್ತು ವನ್‌ಗೆ ಅದನ್ನೇ ಮಾರಿದರು. 2022ರಲ್ಲಿ ಪಿಎಸ್5 ಮತ್ತು ಸೀರೀಸ್‌ಗೆ ಮತ್ತೆ ಅದನ್ನೇ. ಮೂರು ತಲೆಮಾರು ಕಂಡ ಗೇಮ್ ಇದು, ಇನ್ನೊಂದು ತಲೆಮಾರು ಕಂಡರೆ ಕನಕಾಭಿಷೇಕ ಮಾಡಬಹುದು. ಚೇತು ಮೂರು ಸಲವೂ ಕೊಂಡಿದ್ದಾನೆ. ಯಾಕೋ ಅಂದರೆ, ಈ ಸಲ ರಸ್ತೆ ಒದ್ದೆಯಾದಾಗ ಲೈಟು ಚೆನ್ನಾಗಿ ಹೊಳೆಯುತ್ತದೆ ಮಾಮ ಅಂದ. ಮಳೆ ಬಂದಾಗ ನಮ್ಮ ಬೀದಿಗೆ ಬಾ, ಪುಕ್ಕಟೆ ತೋರಿಸುತ್ತೇನೆ ಅಂದೆ. ಪಿಎಸ್5ರ ಡಬ್ಬದ ಮೇಲೆ 8ಕೆ, ಅಂದರೆ 4ಕೆಗಿಂತಲೂ ಸೂಕ್ಷ್ಮವಾದ ಚಿತ್ರ, ಅಂತ ಬೇರೆ ಅಚ್ಚು ಹಾಕಿದ್ದರು. 2024ರ ಹೊತ್ತಿಗೆ ಯಾರಿಗೂ ಹೇಳದೆ ಅದನ್ನು ತೆಗೆದರು. ಅಷ್ಟರಲ್ಲಿ ಚೇತು ಇದೇ 8ಕೆ ಮೇಲೆ ನವೀನನ ಜೊತೆ ಕನಿಷ್ಠ ಆರು ತಿಂಗಳು ಹೊಡೆದಾಡಿದ್ದ. ಇಬ್ಬರ ಮನೆಯಲ್ಲೂ ಇರುವುದು 43 ಇಂಚಿನ 4ಕೆ ಟೀವಿ.

ಇಷ್ಟೆಲ್ಲ ನಡೆಯುವಾಗ ದಂಡನಾಯಕರು ಏನು ಮಾಡುತ್ತಿದ್ದರು? 2024ರ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್‌ನವರು ಒಂದು ಜಾಹೀರಾತು ಸರಣಿ ಶುರು ಮಾಡಿದರು. ಫೋನ್ ತೋರಿಸಿ ಇದು ಎಕ್ಸ್‌ಬಾಕ್ಸ್, ಲ್ಯಾಪ್‌ಟಾಪ್ ತೋರಿಸಿ ಇದೂ ಎಕ್ಸ್‌ಬಾಕ್ಸ್, ಟೀವಿ ತೋರಿಸಿ ಇದೂ ಎಕ್ಸ್‌ಬಾಕ್ಸ್. ಪಾಪ ನವೀನ, ಇದೊಂದೇ ಎಕ್ಸ್‌ಬಾಕ್ಸ್ ಅಂತ ಕಂತು ಕಟ್ಟಿ ತಂದವನು, ಪರಬ್ರಹ್ಮ ಸರ್ವಾಂತರ್ಯಾಮಿ ಅಂತ ಗೊತ್ತಾದಾಗ ಇಎಂಐ ಇನ್ನೂ ಮೂರು ತಿಂಗಳು ಬಾಕಿ ಇತ್ತು. ಆಮೇಲೆ 2025ರ ಅಕ್ಟೋಬರ್‌ನಲ್ಲಿ ಬಂತು ನೋಡಿ ಸಿಡಿಲು. 'ಹೇಲೋ', ಎಕ್ಸ್‌ಬಾಕ್ಸಿನ ಕುಲದೇವರು, ಯಾವ ಆಟಕ್ಕಾಗಿ ಜನ 2001ರಲ್ಲಿ ಆ ಕಪ್ಪು ಕಲ್ಲುಬಂಡೆಯಂಥ ಪೆಟ್ಟಿಗೆ ಹೊತ್ತು ತಂದರೋ ಅದೇ ಹೇಲೋ, ಹೊಸ ರೂಪದಲ್ಲಿ 2026ರಲ್ಲಿ ಪಿಎಸ್5ಗೂ ಬರುತ್ತದೆ ಅಂತ ಅವರೇ ಸಾರಿದರು.

ನನಗೆ ಮೊದಲು ಫೋನ್ ಮಾಡಿದ್ದು ಚೇತು. ಹತ್ತು ವರ್ಷದಿಂದ ಹೇಲೋವನ್ನು ಕಸ, ಚಿಕ್ಕಮಕ್ಕಳ ಆಟ ಅಂತ ಬೈದವನು. "ಮಾಮ, ಹೇಲೋ ಏನ್ ಗೇಮ್ ಗೊತ್ತಾ, ಕ್ಲಾಸಿಕ್. ನಾನು ಯಾವಾಗ್ಲೂ ಹೇಳ್ತಿದ್ನಲ್ಲ?" ಅಂದ. ಅರ್ಧ ಗಂಟೆ ಬಿಟ್ಟು ನವೀನನ ಫೋನ್. ಕೋಣೆಯಲ್ಲಿ ಆ ಗೇಮಿನ ಪೋಸ್ಟರ್ ಅಂಟಿಸಿಕೊಂಡವನು. "ಚಿಕ್ಕಪ್ಪ, ನಿಜ ಹೇಳ್ಬೇಕಂದ್ರೆ ಅದು ಅಷ್ಟೇನೂ ಚೆನ್ನಾಗಿರ್ಲಿಲ್ಲ ಬಿಡಿ."

ಇದೇ ಸಮಯ ಅಂತ ನಾನು ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸಲು ಹೋದೆ. ಕಾಫಿ ಬಂತು, ಕೋಡುಬಳೆ ಬಂತು, ಹತ್ತು ನಿಮಿಷ ಚೆನ್ನಾಗೇ ಮಾತಾಡಿದರು. ಆಮೇಲೆ ಪಿಎಸ್6 ಮತ್ತು ಮುಂದಿನ ಎಕ್ಸ್‌ಬಾಕ್ಸ್ ಮಾತು ಎದ್ದಿತು. ಎರಡಕ್ಕೂ ಚಿಪ್ ಮತ್ತೆ ಎಎಂಡಿಯವರದ್ದೇ ಅಂತ ನಾನು ಹೇಳುತ್ತಲೇ ಇದ್ದೆ, ಚೇತು ಆಗಲೇ ಚಪ್ಪಲಿ ಹಾಕಿಕೊಳ್ಳುತ್ತಿದ್ದ. ಈಗ ಆ ಹುಟ್ಟದಿರುವ ಎರಡು ಡಬ್ಬಗಳ ವಿಷಯಕ್ಕೆ ಮತ್ತೆ ಮಾತು ಬಿಟ್ಟಿದ್ದಾರೆ. ಮುಂದಿನ ಗೌರಿ ಹಬ್ಬಕ್ಕೂ ತುಪ್ಪ ದಾಟಿಸುವ ಡ್ಯೂಟಿ ನನ್ನದೇ.