ಯಾರದ್ದೋ ದುಡ್ಡಲ್ಲಿ ಸರ್ಕಾರದ ಬಾಣಂತನ

ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಾಗಿನಿಂದ ಹೊಗಳಿಕೆ ಕೇಳಿ ಕೇಳಿ ಕಿವಿ ತುಂಬಿದೆ. 29 ಕಾನೂನು ಹೋಗಿ 4 ಬಂದವು. 2025ರ ನವೆಂಬರ್ 21ರಿಂದ ದುಡಿಯುವವರ ಹಣೆಬರಹವೇ ಬದಲಾಯಿತಂತೆ. ಹೊಗಳುವವರ ಬಾಯಲ್ಲಿ ಒಂದು ಮಾತು ಬಂದೇ ಬರುತ್ತದೆ: ನಮ್ಮ ತಾಯಂದಿರಿಗೆ 26 ವಾರ ಸಂಬಳ ಸಹಿತ ರಜೆ! ಇದು 2017ರಲ್ಲೇ ಬಂದಿದ್ದು. ಇರಲಿ ಬಿಡಿ. ಮಗುವಿಗೆ ಎಂಟು ತುಂಬಿದರೂ ಹೆತ್ತವರ ಸಂಭ್ರಮ ಮುಗಿದಿಲ್ಲ, ಅಷ್ಟೇ.

ಸಂಭ್ರಮಕ್ಕೆ ಕಾರಣವೂ ಇದೆ. ಅಮೆರಿಕದಂಥ ಅಮೆರಿಕದಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಕಾನೂನು ಕೊಡುವುದು 12 ವಾರ, ಅದೂ ಸಂಬಳವಿಲ್ಲದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2000ದ ಒಪ್ಪಂದದಲ್ಲಿ ಕೇಳಿದ್ದು ಬರೀ 14 ವಾರ. ನಾವು 26 ಕೊಟ್ಟೆವು. ಎದೆ ಉಬ್ಬಿಸಬಹುದು. ಆದರೆ ಅದೇ ಒಪ್ಪಂದದಲ್ಲಿ ಇನ್ನೊಂದು ಮಾತೂ ಇತ್ತು: ಈ ಖರ್ಚನ್ನು ಮಾಲೀಕನೊಬ್ಬನ ತಲೆಗೆ ಕಟ್ಟಬಾರದು, ಸಾಮಾಜಿಕ ವಿಮೆಯಿಂದಲೋ ಸಾರ್ವಜನಿಕ ಹಣದಿಂದಲೋ ಕೊಡಬೇಕು. ನಾವು ಆ ಒಪ್ಪಂದಕ್ಕೆ ಸಹಿಯನ್ನೇ ಹಾಕಿಲ್ಲ. ಜಾಣರು.

ಹಾಗಾಗಿ ವ್ಯವಸ್ಥೆ ತುಂಬಾ ಸರಳ. ಹತ್ತು ಜನ ಕೆಲಸಕ್ಕಿರುವ ಜಾಗದಲ್ಲಿ ಒಬ್ಬಳಿಗೆ ಹೆರಿಗೆಯಾದರೆ ಆರು ತಿಂಗಳ ಸಂಬಳವನ್ನು ಮಾಲೀಕ ಕೊಡುತ್ತಾನೆ. ಅವಳ ಜಾಗಕ್ಕೆ ಬಂದವರ ಸಂಬಳವನ್ನೂ ಅವನೇ ಕೊಡುತ್ತಾನೆ. ಭಾಷಣ ಸರ್ಕಾರ ಮಾಡುತ್ತದೆ.

ಆಮೇಲೆ ಏನಾಗುತ್ತದೆ ಅಂತ ಕೆಲಸ ಹುಡುಕಿದ ಹುಡುಗಿಯರನ್ನು ಕೇಳಿ.

‘ಮದುವೆ ಆಗಿದೆಯಾ ಅಮ್ಮಾ?’

‘ಆಗಿದೆ ಸರ್.’

‘ಓ, ಸಂತೋಷ. ಎಷ್ಟು ವರ್ಷ ಆಯ್ತು? ಅಲ್ಲ, ಸುಮ್ನೆ ಕೇಳಿದೆ.’

ಸುಮ್ನೆ ಕೇಳಿದ್ದು. ಮದುವೆ ಆಗಿಲ್ಲ ಅಂದರೆ ‘ಮನೆಯಲ್ಲಿ ನೋಡ್ತಿದ್ದಾರಾ?’. ಮಕ್ಕಳಿದ್ದರೆ ‘ಒಂದೇ ಸಾಕು ಅಂತಾನಾ?’. ಇಷ್ಟು ಕಾಳಜಿಯನ್ನು ಸ್ವಂತ ಸೋದರತ್ತೆಯೂ ತೋರಿಸುವುದಿಲ್ಲ. ಕೊನೆಗೆ ‘ತಿಳಿಸ್ತೀವಿ’ ಅನ್ನುತ್ತಾರೆ. ಏನು ತಿಳಿಸುತ್ತಾರೆ ಅಂತ ಎಲ್ಲರಿಗೂ ತಿಳಿದಿದೆ. ಆ ಮಾಲೀಕನೂ ರಾಕ್ಷಸನಲ್ಲ. ಹನ್ನೆರಡು ಜನ ಇಟ್ಟುಕೊಂಡು ಪ್ರಿಂಟಿಂಗ್ ಪ್ರೆಸ್ ನಡೆಸುವವನಿಗೆ ಕೂಡಿಸಿ ಕಳೆಯುವುದು ಬರುತ್ತದೆ, ಅಷ್ಟೇ.

ಇದು ಕಾರ್ಮಿಕ ಸಚಿವಾಲಯಕ್ಕೂ ಹೊಳೆಯಿತು. 2018ರ ನವೆಂಬರಿನಲ್ಲಿ ಒಂದು ಪ್ರಕಟಣೆ ಬಂತು. 15,000 ರೂಪಾಯಿವರೆಗೆ ಸಂಬಳ ಇರುವ ಮಹಿಳೆಯರ ವಿಷಯದಲ್ಲಿ 7 ವಾರದ ಸಂಬಳವನ್ನು ಮಾಲೀಕರಿಗೆ ವಾಪಸ್ ಕೊಡುವ ಯೋಚನೆ ಇದೆ ಅಂತ. 26ರಲ್ಲಿ 7. ಅದಾದರೂ ಬರಲಿ ಅಂತ ಕಾದರು. ಸುದ್ದಿಯೇ ಇಲ್ಲ. ಆನೆ ಕೂಡ 22 ತಿಂಗಳಿಗೆ ಹೆರುತ್ತದೆ.

ದಾರಿ ಗೊತ್ತಿಲ್ಲದೆ ಹೀಗಾಗಿದೆ ಅಂದುಕೊಳ್ಳಬೇಡಿ. ಇಎಸ್‌ಐ ಇದೆ, ಅಂದರೆ ನೌಕರರ ರಾಜ್ಯ ವಿಮೆ. ಮಾಲೀಕ ಸಂಬಳದ ಶೇ. 3.25, ನೌಕರ ಶೇ. 0.75 ಕಟ್ಟುತ್ತಾರೆ. ಹೆರಿಗೆಯಾದರೆ ಆ ನಿಧಿಯಿಂದ ಹಣ ಬರುತ್ತದೆ. ಯಾವ ಒಬ್ಬ ಮಾಲೀಕನಿಗೂ ಏಟು ಬೀಳುವುದಿಲ್ಲ. ಆದರೆ ಅದಕ್ಕೆ 21,000 ರೂಪಾಯಿ ಸಂಬಳದ ಮಿತಿ ಹಾಕಿದ್ದಾರೆ. 2017ರಲ್ಲಿ ನಿಂತ ಮಿತಿ. ಒಂದು ಇನ್‌ಕ್ರಿಮೆಂಟ್ ಸಿಕ್ಕು ಅದನ್ನು ದಾಟಿದಳೋ, ಅವಳ ಹೊಟ್ಟೆ ಮತ್ತೆ ಮಾಲೀಕನ ಲೆಕ್ಕದ ಪುಸ್ತಕಕ್ಕೆ ಬಂತು.

ದತ್ತು ತಾಯಂದಿರನ್ನೂ 2017ರಲ್ಲಿ ಮರೆಯಲಿಲ್ಲ. ಅವರಿಗೆ 12 ವಾರ. ಒಂದೇ ಒಂದು ಷರತ್ತು: ಮಗುವಿಗೆ ಮೂರು ತಿಂಗಳು ತುಂಬಿರಬಾರದು. ಈಗ ಅದೇ ಸರ್ಕಾರದ ಬಾಲನ್ಯಾಯ ಕಾಯ್ದೆ ತೆಗೆದು ನೋಡಿ. ಬಿಟ್ಟುಹೋದ ಮಗು ಸಿಕ್ಕಿದರೆ, ಅದು ಎರಡು ವರ್ಷದೊಳಗಿನದಾದರೆ, ‘ಇದನ್ನು ದತ್ತು ಕೊಡಬಹುದು’ ಅಂತ ಘೋಷಿಸುವುದಕ್ಕೇ ಎರಡು ತಿಂಗಳ ಅವಧಿ. ಹೆತ್ತವರೇ ಒಪ್ಪಿಸಿದ ಮಗುವಾದರೂ ಅವರು ಮನಸ್ಸು ಬದಲಿಸಬಹುದು ಅಂತ ಎರಡು ತಿಂಗಳು ಕಾಯಬೇಕು. ಅದು ಸರಿಯೇ. ಆಮೇಲೆ ಕಡತ, ಸರದಿ, ಒಪ್ಪಿಗೆ, ಆದೇಶ. ಮಗು ಕೈಗೆ ಬರುವಾಗ ಹಲ್ಲು ಮೂಡಿರುತ್ತದೆ. ತಾಯಿ ರಜೆ ಕೇಳಲು ಹೋದರೆ ‘ಲೇಟಾಗಿ ಬಂದಿದ್ದೀರಿ’ ಅನ್ನುತ್ತಿದ್ದರು. 2020ರಲ್ಲಿ ಸಂಹಿತೆ ಬರೆಯುವಾಗ ಇದನ್ನು ಸರಿ ಮಾಡುವ ಅವಕಾಶ ಇತ್ತು. ಮೂರು ತಿಂಗಳನ್ನು ಹಾಗೇ ಎತ್ತಿ ಅಲ್ಲೂ ಕೂರಿಸಿದರು. ಜನ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು, 2026ರಲ್ಲಿ ಆ ಷರತ್ತು ಬಿತ್ತು.

ಅಪ್ಪಂದಿರ ಕತೆ ಚಿಕ್ಕದು. ಕೇಂದ್ರ ಸರ್ಕಾರಿ ನೌಕರನಿಗೆ 15 ದಿನ. ಖಾಸಗಿಯವನಿಗೆ ಕಾನೂನು ಕೊಡುವುದು ಸೊನ್ನೆ, ಉಳಿದದ್ದು ಕಂಪನಿಯ ದೊಡ್ಡ ಮನಸ್ಸು. ಸಂಸದ ರಾಜೀವ್ ಸಾತವ್ 2017ರಲ್ಲಿ ಒಂದು ಖಾಸಗಿ ಮಸೂದೆ ತಂದಿದ್ದರು. ಖಾಸಗಿ ಮಸೂದೆಗಳಿಗೆ ಆಗುವ ಗತಿಯೇ ಅದಕ್ಕೂ ಆಯಿತು.

ನಮ್ಮ ದೇಶ ಅಪ್ಪನ ರಜೆಯ ಬಗ್ಗೆ ಗಂಭೀರವಾಗಿ ಚರ್ಚಿಸಿದ್ದು ಒಂದೇ ಸಲ, ಅದೂ ಕ್ರಿಕೆಟ್ ದಯೆಯಿಂದ. 2020ರ ಡಿಸೆಂಬರ್, ಅಡಿಲೇಡ್. 36ಕ್ಕೆ ಆಲೌಟ್. ಅದೇ ಟೆಸ್ಟ್ ಮುಗಿಸಿ ನಾಯಕ ಕೊಹ್ಲಿ ಹೆಂಡತಿಯ ಹೆರಿಗೆಗೆಂದು ಮನೆಗೆ ಬಂದರು. ದೇಶ ಮೊದಲೋ ಹೆಂಡತಿ ಮೊದಲೋ ಅಂತ ಮಕ್ಕಳ ಡೈಪರ್ ಮುಟ್ಟಿ ಗೊತ್ತಿಲ್ಲದ ಗಂಡಸರೆಲ್ಲ ವಾದ ಮಾಡಿದರು. ಅತ್ತ ರಹಾನೆ ಮೆಲ್ಬರ್ನ್ ಗೆದ್ದರು, ಸಿಡ್ನಿಯಲ್ಲಿ ಡ್ರಾ, ಗಬ್ಬಾದಲ್ಲಿ ಆ ಗೆಲುವು. ಸರಣಿ 2-1. ನಾಯಕ ಬಾಣಂತಿ ಮನೆಯಲ್ಲಿದ್ದರೂ ದೇಶ ಮುಳುಗಲಿಲ್ಲ. ಇದನ್ನು ‘ನೀವಿಲ್ಲದಿದ್ದರೆ ಆಫೀಸ್ ನಡೆಯೋದು ಹೇಗೆ’ ಅನ್ನುವ ಮ್ಯಾನೇಜರುಗಳಿಗೆಲ್ಲ ಕಡ್ಡಾಯವಾಗಿ ತೋರಿಸಬೇಕು. ಆ ಗಬ್ಬಾ ಟೆಸ್ಟಿನಲ್ಲೇ ನಟರಾಜನ್ ಕೂಡ ಆಡಿದರು. ಐಪಿಎಲ್ ನಡೆಯುವಾಗ ಅವರಿಗೆ ಮಗಳು ಹುಟ್ಟಿದ್ದಳು. ಅವರು ಯುಎಇಯಿಂದ ನೇರ ಆಸ್ಟ್ರೇಲಿಯಾಕ್ಕೆ ಹೋದರು, ನೆಟ್ ಬೌಲರ್ ಆಗಿ. ಮಗಳ ಮುಖ ನೋಡಿದ್ದು ಪ್ರವಾಸ ಮುಗಿದ ಮೇಲೆ. ಗಾವಸ್ಕರ್ ಆಗಲೇ ಇದನ್ನು ಎತ್ತಿ ಬರೆದಿದ್ದರು. ಕಾಯಂ ಆದವನಿಗೆ ಒಂದು ಲೆಕ್ಕ, ದಿನಗೂಲಿಯವನಿಗೆ ಒಂದು ಲೆಕ್ಕ.

ದಿನಗೂಲಿ ಅಂದಾಗ ನೆನಪಾಯಿತು. ದುಡಿಯುವವರಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಜನ ಅಸಂಘಟಿತರು. ಅವರಿಗೆ ಬೈಯಲು ಒಬ್ಬ ಖಾಯಂ ಮಾಲೀಕನೂ ಇಲ್ಲ. ಇಲ್ಲಿ ಮಾತ್ರ ಸರ್ಕಾರ ಸ್ವಂತ ಜೇಬಿಗೆ ಕೈ ಹಾಕಿದೆ. ಪ್ರಧಾನ ಮಂತ್ರಿ ಮಾತೃ ವಂದನಾ ಯೋಜನೆ. ಮೊದಲ ಮಗುವಿಗೆ 5,000 ರೂಪಾಯಿ, ಕಂತಿನಲ್ಲಿ. ಹೆರಿಗೆಯ ಹಿಂದೆ ಮುಂದೆ ತಾಯಿ ವಿಶ್ರಾಂತಿ ತೆಗೆದುಕೊಳ್ಳಲಿ ಅಂತ, ಕಳೆದುಕೊಂಡ ಕೂಲಿಗೆ ‘ಭಾಗಶಃ’ ಪರಿಹಾರ. 26 ವಾರಕ್ಕೆ ಹಂಚಿ ನೋಡಿ. ದಿನಕ್ಕೆ 27 ರೂಪಾಯಿ. ಭಾಗಶಃ ಅನ್ನುವುದರಲ್ಲಿ ಸುಳ್ಳೇನೂ ಇಲ್ಲ. 2013ರ ಆಹಾರ ಭದ್ರತಾ ಕಾಯ್ದೆ ಕನಿಷ್ಠ 6,000 ಅಂದಿತ್ತು, ಅದೂ ಬೇರೆ ಮಾತು. ಎರಡನೆಯದು ಹೆಣ್ಣಾದರೆ 6,000 ಕೊಡುತ್ತಾರೆ. ಗಂಡಾದರೆ ಇಲ್ಲ. ಗಂಡು ಹೆತ್ತವಳಿಗೆ ಸುಸ್ತೇ ಆಗುವುದಿಲ್ಲವೇನೋ. ಮೊದಲು ಅರ್ಜಿಗೆ ಗಂಡನ ಆಧಾರ್ ಕೇಳುತ್ತಿದ್ದರು, ಈಗ ಅದೂ ಬೇಡ. ಅಪ್ಪನಿಗಿದ್ದ ಒಂದೇ ಕೆಲಸವೂ ಹೋಯಿತು.

ತಮಾಷೆ ಸಾಕು. ಗಾರೆ ಕೆಲಸದ ಹೆಂಗಸು ಹಸಿ ಬಾಣಂತಿಯಾಗಿಯೇ ಬಾಣಲಿ ಹೊರಲು ಬರುವುದನ್ನು ನೀವೂ ನೋಡಿದ್ದೀರಿ. ಕೇಂದ್ರ ಸರ್ಕಾರ ತನ್ನ ಮಹಿಳಾ ನೌಕರರಿಗೆ 180 ದಿನ ಹೆರಿಗೆ ರಜೆ ಕೊಡುತ್ತದೆ, ಮೇಲೆ ಮಕ್ಕಳ ಪಾಲನೆಗೆ ಸೇವಾವಧಿಯಲ್ಲಿ 730 ದಿನ. ಕೊಡಬೇಕಾದದ್ದೇ. ಅಂದರೆ ಮಗು ಸಾಕಲು ಎಷ್ಟು ಸಮಯ ಬೇಕು ಅನ್ನುವುದು ಇವರಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಅವಳಿಗೆ 27 ರೂಪಾಯಿ. ಅದಕ್ಕೆ ವಂದನಾ ಅಂತ ಹೆಸರು ಬೇರೆ. ನಾಚಿಕೆ ಆಗಬೇಕು.

ಈ ನಡುವೆ ಪಕ್ಕದ ರಾಜ್ಯಗಳಿಗೆ ಹೊಸ ಚಿಂತೆ ಹತ್ತಿದೆ. 2024ರಲ್ಲಿ ಚಂದ್ರಬಾಬು ನಾಯ್ಡು ಜಾಸ್ತಿ ಮಕ್ಕಳು ಮಾಡಿಕೊಳ್ಳಿ ಅಂದರು. ಬೆನ್ನಿಗೇ ಸ್ಟಾಲಿನ್ ಒಂದು ಸಾಮೂಹಿಕ ಮದುವೆಯಲ್ಲಿ, ಹದಿನಾರು ಯಾಕಾಗಬಾರದು ಅನ್ನುವ ಅರ್ಥದ ಮಾತಾಡಿದರು. ಉತ್ಸಾಹ ಬಂದವರಿಗೆ ಕಾನೂನಿನ ಒಂದು ಮಾಹಿತಿ. 26 ವಾರ ಇರುವುದು ಮೊದಲ ಎರಡಕ್ಕೆ ಮಾತ್ರ. ಮೂರನೆಯದರಿಂದ 12. ಹದಿನಾರನೆಯದಕ್ಕೂ 12 ಸಿಗುತ್ತದೆ, ಮಾಲೀಕ ಅಷ್ಟು ದಿನ ನಿಮ್ಮನ್ನು ಕೆಲಸದಲ್ಲಿ ಇಟ್ಟುಕೊಂಡಿದ್ದರೆ.