ಪಹಣಿ ಓದಲು ಬಾರದವರಿಗೂ ಏಜೆಂಟ್ ನೋಂದಣಿ ಯಾಕೆ?

ಮಹಾರಾಷ್ಟ್ರದಲ್ಲಿ ರಿಯಲ್ ಎಸ್ಟೇಟ್ ಏಜೆಂಟ್ ಆಗಬೇಕಾದರೆ ತರಬೇತಿ ಪಡೆದು ಪರೀಕ್ಷೆ ಪಾಸಾಗಬೇಕು. ಅಲ್ಲಿನ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ, 2023ರಲ್ಲಿ ಈ ಆದೇಶ ಹೊರಡಿಸಿತು. ಮೊದಲೇ ನೋಂದಣಿ ಇದ್ದವರನ್ನೂ ಬಿಡಲಿಲ್ಲ. ನಮ್ಮ ಕರ್ನಾಟಕದ 2017ರ ರೇರಾ ನಿಯಮಗಳು ಕೇಳುವುದು ಪ್ಯಾನ್ ಕಾರ್ಡು, ವಿಳಾಸದ ದಾಖಲೆಯಂಥ ಕಾಗದಪತ್ರ, ಜೊತೆಗೆ ಶುಲ್ಕ. ಒಬ್ಬ ವ್ಯಕ್ತಿಗೆ 25,000 ರೂಪಾಯಿ, ಕಂಪನಿ ಅಥವಾ ಪಾಲುದಾರಿಕೆ ಸಂಸ್ಥೆಗೆ 2 ಲಕ್ಷ. ಕಟ್ಟಿದರೆ ಐದು ವರ್ಷದ ನೋಂದಣಿ. ಅರ್ಜಿ ಹಾಕಿದವನಿಗೆ ಒಂದು ಪಹಣಿ ಓದಲು ಬರುತ್ತದೆಯೇ ಎಂದು ಯಾರೂ ಕೇಳುವುದಿಲ್ಲ.

ನಾನು ಮೈಸೂರಿನಲ್ಲಿ ಇದೇ ಕೆಲಸ ಮಾಡುವವನು. ನಮಗೂ ಪರೀಕ್ಷೆ ಬೇಕು ಎಂದು ಹೇಳಿದಾಗೆಲ್ಲ ಜೊತೆಯವರು ಮುನಿಸಿಕೊಳ್ಳುತ್ತಾರೆ. ಮುನಿಸಿಕೊಂಡರೂ ಹೇಳುತ್ತೇನೆ. ನಮ್ಮ ಮಾತು ನಂಬಿ ಜನ ಇಡೀ ಜೀವನದ ದುಡಿಮೆಯನ್ನು ಒಂದು ಸೈಟಿಗೆ ಸುರಿಯುತ್ತಾರೆ.

ಒಂದೇ ಉದಾಹರಣೆ ಕೊಡುತ್ತೇನೆ. ಊರಂಚಿನಲ್ಲಿ ಎರಡು ಎಕರೆ ಮಾರಾಟಕ್ಕಿದೆ ಅನ್ನಿ. ಇಸಿ (ಆಸ್ತಿಯ ಋಣಭಾರ ಪ್ರಮಾಣಪತ್ರ) ತೆಗೆಸಿದರೆ ಸಾಲ, ಅಡಮಾನ ಏನೂ ಇಲ್ಲ. ಪಹಣಿಯಲ್ಲಿ ಮಾರುವವರದೇ ಹೆಸರು. ಬ್ರೋಕರ್ ‘ಎಲ್ಲ ಕ್ಲಿಯರ್ ಇದೆ ಸಾರ್’ ಎಂದುಬಿಡುತ್ತಾನೆ. ಆದರೆ ಆ ಜಮೀನು ಹಿಂದೆ ಪರಿಶಿಷ್ಟ ಜಾತಿಯ ಕುಟುಂಬವೊಂದಕ್ಕೆ ಸರ್ಕಾರ ಮಂಜೂರು ಮಾಡಿದ್ದಾಗಿದ್ದರೆ? ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನು ಪರರ ಪಾಲಾಗದಂತೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಪೂರ್ವಾನುಮತಿ ಇಲ್ಲದೆ ಅದನ್ನು ಮಾರುವಂತಿಲ್ಲ. ಮಾರಿದರೆ ಆ ಕ್ರಯಕ್ಕೆ ಬೆಲೆಯೇ ಇಲ್ಲ. ಜಮೀನು ಮೂಲ ಕುಟುಂಬಕ್ಕೆ ವಾಪಸ್ ಹೋಗಬಹುದು. 2023ರ ತಿದ್ದುಪಡಿಯ ನಂತರ ಅರ್ಜಿ ಹಾಕಲು ಕಾಲಮಿತಿಯೂ ಇಲ್ಲ. ಬಡವರ ಭೂಮಿ ಕೈತಪ್ಪಬಾರದೆಂದು ಮಾಡಿದ ಕಾನೂನು ಇದು, ಇರಲೇಬೇಕಾದದ್ದು. ಇದರ ಗಂಧ ಗಾಳಿ ಇಲ್ಲದ ಬ್ರೋಕರ್ ಕೊಳ್ಳುವವರನ್ನೂ ಮುಳುಗಿಸುತ್ತಾನೆ, ಆ ಕುಟುಂಬಕ್ಕೂ ಅನ್ಯಾಯ ಮಾಡುತ್ತಾನೆ. ಇಸಿ ನೋಡಿದರೆ ಮುಗಿಯಲಿಲ್ಲ, ಮೂಲ ಮಂಜೂರಾತಿ ಕಡತದವರೆಗೆ ಹೋಗಬೇಕು. ಭೂ ಪರಿವರ್ತನೆ, ಲೇಔಟ್ ಅನುಮೋದನೆ, ವಂಶವೃಕ್ಷ, ಇವನ್ನೂ ಹೀಗೇ ಯಾರಾದರೂ ಕೂರಿಸಿಕೊಂಡು ಕಲಿಸಬೇಕು. ಬ್ರೋಕರ್ ವಕೀಲನಾಗಬೇಕಿಲ್ಲ, ಯಾವ ಕಾಗದ ಕಂಡಾಗ ವಕೀಲರ ಹತ್ತಿರ ಕಳಿಸಬೇಕು ಎಂಬಷ್ಟು ಗೊತ್ತಿದ್ದರೆ ಸಾಕು.

ರೇರಾ ಕಾಯ್ದೆಯ 10ನೇ ಕಲಮು ಏಜೆಂಟರ ಮೇಲೆ ಹೊರಿಸಿದ ಹೊಣೆ ಸಣ್ಣದಲ್ಲ. ನೋಂದಣಿಯಾಗದ ಪ್ರಾಜೆಕ್ಟ್ ಮಾರಿಸಬಾರದು, ಇಲ್ಲದ ಸೌಲಭ್ಯ ಇದೆ ಎನ್ನಬಾರದು, ಲೆಕ್ಕಪತ್ರ ಇಡಬೇಕು, ಬುಕಿಂಗ್ ಸಮಯದಲ್ಲಿ ಕೊಳ್ಳುವವರಿಗೆ ಸಲ್ಲಬೇಕಾದ ದಾಖಲೆಗಳು ಸಿಗುವಂತೆ ನೋಡಿಕೊಳ್ಳಬೇಕು. ಒಪ್ಪಂದ ಬರೆದು ನೋಂದಣಿ ಮಾಡಿಸುವ ಮೊದಲು ಬಿಲ್ಡರ್ ಶೇ. 10ಕ್ಕಿಂತ ಹೆಚ್ಚು ಹಣ ತೆಗೆದುಕೊಳ್ಳುವಂತಿಲ್ಲ ಎಂಬುದನ್ನು ಪಾರ್ಟಿಗೆ ಮೊದಲು ಹೇಳಬೇಕಾದವನೂ ಏಜೆಂಟೇ. ನೋಂದಣಿ ಇಲ್ಲದೆ ಪ್ರಾಜೆಕ್ಟ್ ಮಾರಿಸಿದರೆ ದಿನಕ್ಕೆ 10,000 ರೂಪಾಯಿ ದಂಡ, ಅದು ಆಸ್ತಿ ಬೆಲೆಯ ಶೇ. 5ರವರೆಗೂ ಏರಬಹುದು. ದಂಡ ಇಷ್ಟು ಕಟ್ಟುನಿಟ್ಟಾಗಿರುವಾಗ ಕಲಿಸುವ ವಿಷಯದಲ್ಲಿ ಮಾತ್ರ ಯಾಕಿಷ್ಟು ಸಡಿಲ?

ಪರೀಕ್ಷೆ ಬಂದರೆ ಹಳಬರ ಹೊಟ್ಟೆಪಾಡು ಏನಾಗಬೇಕು ಎನ್ನುವವರಿದ್ದಾರೆ. ಆ ಕಾಳಜಿ ನಿಜವಾದದ್ದೇ. ಹತ್ತನೇ ಕ್ಲಾಸೂ ಮುಗಿಸದೆ, ಇಡೀ ಹೋಬಳಿಯ ಸರ್ವೆ ನಂಬರುಗಳನ್ನು ಬಾಯಲ್ಲೇ ಹೇಳುವ ಹಿರಿಯರು ನಮ್ಮ ನಡುವೆ ಇದ್ದಾರೆ. ನಾನು ಕಲಿತದ್ದೂ ಅಂಥವರ ಹಿಂದೆ ಓಡಾಡಿಯೇ. ಅದಕ್ಕೇ ಪರೀಕ್ಷೆ ಕನ್ನಡದಲ್ಲಿರಬೇಕು, ತರಬೇತಿ ತಾಲ್ಲೂಕು ಮಟ್ಟಕ್ಕೆ ಬರಬೇಕು, ಬರೆಯಲು ಕಷ್ಟವಾಗುವವರಿಗೆ ಬಾಯಿಮಾತಿನ ಪರೀಕ್ಷೆ ಇರಬೇಕು. ಇಂಗ್ಲಿಷ್ ಬಂದವರಿಗಷ್ಟೇ ಬಾಗಿಲು ತೆರೆಯುವ ಪರೀಕ್ಷೆ ಆಗುವುದಾದರೆ ನಾನೇ ವಿರೋಧಿಸುತ್ತೇನೆ.

ಇನ್ನೊಂದು ದೊಡ್ಡ ಕೊರತೆ ಇದೆ. ರೇರಾ ನೋಂದಣಿ ಬೇಕಿರುವುದು ರೇರಾದಲ್ಲಿ ನೋಂದಣಿಯಾದ ಪ್ರಾಜೆಕ್ಟುಗಳ ವ್ಯವಹಾರಕ್ಕೆ ಮಾತ್ರ. ಒಬ್ಬರ ಹಳೆಯ ಮನೆ ಇನ್ನೊಬ್ಬರಿಗೆ ಮಾರಿಸಲು, ಹೊಲ ಕೊಡಿಸಲು, ಬಾಡಿಗೆ ಮನೆ ತೋರಿಸಲು ಅದು ಬೇಕಿಲ್ಲ. ಮಧ್ಯಮ ವರ್ಗದವರು ಹೆಚ್ಚಾಗಿ ಎಡವುವುದು ಅಲ್ಲೇ. ತರಬೇತಿಯ ಜೊತೆಗೆ ಇದನ್ನೂ ರಾಜ್ಯ ಸರ್ಕಾರ ಕೈಗೆತ್ತಿಕೊಳ್ಳಬೇಕು. ಅಲ್ಲಿಯತನಕ ಸೈಟು ಕೊಳ್ಳುವವರು ಬ್ರೋಕರ್‌ನ ನೋಂದಣಿ ಸಂಖ್ಯೆ ಕೇಳಿ, ಕರ್ನಾಟಕ ರೇರಾ ಜಾಲತಾಣದಲ್ಲಿ ಹುಡುಕಿ ನೋಡಿ. ಕೇಳಿದ್ದಕ್ಕೆ ಸಿಡುಕುವವರ ಜೊತೆ ವ್ಯವಹಾರ ಬೇಡ. ನನ್ನನ್ನೂ ಕೇಳಿ.